ಹಡಗಿನಲ್ಲಿ ಕೇಳಿದ ಫಿಲಿಪೀನ್ಸ್ ಹಾಡು: ಎರೇಸರ್‌ಹೆಡ್ಸ್‌ನ ಯಾವ ಆಲ್ಬಂನಿಂದ ಶುರು ಮಾಡಲಿ?

ವಾಸ್ಕೋ ಫಿಟ್ಟರ್:
ಎಲ್ಲರಿಗೂ ನಮಸ್ಕಾರ. ಊರು ಅಂಕೋಲಾ, ಮನೆ ವಾಸ್ಕೋದಲ್ಲಿ. ಹಡಗಿನ ಎಂಜಿನ್ ರೂಮಲ್ಲಿ ಕೆಲಸ. ಒಂಬತ್ತು ತಿಂಗಳು ಮುಗಿಸಿ ಹೋದ ವಾರ ಇಳಿದೆ. ನಮ್ಮಲ್ಲಿ ಅರ್ಧಕ್ಕರ್ಧ ಜನ ಫಿಲಿಪೀನ್ಸ್‌ನವರು, ಶನಿವಾರ ರಾತ್ರಿ ಮೆಸ್ ರೂಮಲ್ಲಿ ಕರೋಕೆ ಆಗಲೇಬೇಕು. ನಮ್ಮ ಬೋಸನ್ (ಡೆಕ್ ಕೆಲಸಗಾರರ ಮೇಸ್ತ್ರಿ), ಐವತ್ತರ ಹತ್ತಿರದ ಮನುಷ್ಯ, ಕೊನೆಗೆ ಯಾವಾಗಲೂ ಹಾಡುವುದು 'ಆಂಗ್ ಹುಲಿಂಗ್ ಎಲ್ ಬಿಂಬೋ'. ಶುರುವಿಗೆ ಎಲ್ಲರೂ ತಟ್ಟೆ ಬಡಿದು ತಾಳ ಹಾಕುತ್ತಾರೆ, ಕೊನೆಯ ಚರಣ ಬಂದಾಗ ಒಂದು ಚಮಚದ ಸದ್ದೂ ಇರುವುದಿಲ್ಲ. ಒಂದು ಪದ ಗೊತ್ತಿಲ್ಲದಿದ್ದರೂ ನನಗೆ ಗಂಟಲು ಕಟ್ಟುತ್ತಿತ್ತು. ಎರೇಸರ್‌ಹೆಡ್ಸ್ ಅನ್ನುವ ಅಲ್ಲಿಯ ರಾಕ್ ಬ್ಯಾಂಡಿನ ಹಾಡಂತೆ. ಏನಿದೆ ಅದರಲ್ಲಿ?

ಡೊಂಬಿವಲಿ ಲೋಕಲ್:
'ಕಟರ್‌ಪಿಲೋ' ಕೇಳಿ ಅಣ್ಣ. 1995ರ ಆಲ್ಬಂ, ಅವರ ಮೂರನೆಯದು. ನಿಮ್ಮ ಹಾಡು ಅದರಲ್ಲಿ ಕಟ್ಟಕಡೆಗೆ ಬರುತ್ತದೆ, ಏಳು ನಿಮಿಷಕ್ಕೂ ಜಾಸ್ತಿ. ಹಳೇ ಸಿನಿಮಾ ನಟಿ ಪಾರಾಲುಮಾನ್ ಥರ ಇದ್ದ ಒಬ್ಬ ಹುಡುಗಿ, ಚಿಕ್ಕಂದಿನಲ್ಲಿ ಹಾಡು ಹೇಳುವವನಿಗೆ ಎಲ್ ಬಿಂಬೋ ಡ್ಯಾನ್ಸ್ ಕಲಿಸಿದವಳು. ಎಷ್ಟೋ ವರ್ಷದ ಮೇಲೆ ನೋಡಿದರೆ ಅವಳಿಗೆ ಮಗು ಇದೆ, ಗಂಡ ಇಲ್ಲ, ಮನಿಲಾದ ಎರ್ಮಿತಾ ಕಡೆ ತಟ್ಟೆ ತೊಳೆಯುತ್ತಾಳಂತೆ. ಒಂದು ರಾತ್ರಿ ಕತ್ತಲ ಓಣಿಯಲ್ಲಿ ಗಾಡಿಯ ಕೆಳಗೆ ಸಿಕ್ಕಿ ಹೋಗುತ್ತಾಳೆ, ಅಷ್ಟೇ. ನಮ್ಮಪ್ಪ ಹದಿನಾಲ್ಕನೇ ವಯಸ್ಸಿಗೆ ಕುಂದಾಪುರದಿಂದ ಮುಂಬೈಗೆ ಬಂದು ಮೊದಲು ಮಾಡಿದ್ದು ಹೋಟೆಲಲ್ಲಿ ತಟ್ಟೆ ತೊಳೆಯುವ ಕೆಲಸವೇ, ಬೆರಳ ಸಂದಿಯ ಹುಣ್ಣು ಮಳೆಗಾಲ ಮುಗಿಯುವ ತನಕ ಒಣಗುತ್ತಿರಲಿಲ್ಲವಂತೆ. ಆ ಸಾಲು ಬಂದಾಗಲೆಲ್ಲ ನನಗೆ ಅದೇ ನೆನಪು. ಈ ಹಾಡಿನ ವೀಡಿಯೋಗೆ 1997ರಲ್ಲಿ ಎಂಟಿವಿ ಪ್ರಶಸ್ತಿಯೂ ಬಂತು.

ಕೋಥ್ರೂಡ್ ಕನ್ನಡತಿ:
ನಾನು ಒಪ್ಪುವುದಿಲ್ಲ. ಮೊದಲ ಆಲ್ಬಂ ಬಿಟ್ಟು ಮೂರನೆಯದಕ್ಕೆ ಹಾರಿದರೆ ಅವರು ಏನು ಮಾಡಿದರು ಅನ್ನುವುದೇ ತಿಳಿಯುವುದಿಲ್ಲ. 1993ರ 'ಅಲ್ಟ್ರಾಎಲೆಕ್ಟ್ರೋಮ್ಯಾಗ್ನೆಟಿಕ್‌ಪಾಪ್!' ಮೊದಲು ಕೇಳಿ. ಡಿಲಿಮಾನ್‌ನ ಯೂನಿವರ್ಸಿಟಿ ಆಫ್ ದ ಫಿಲಿಪೀನ್ಸ್‌ನ ನಾಲ್ಕು ಹುಡುಗರು, ಇಲಿ ಬುವೆಂಡಿಯಾ, ರೇಮಂಡ್ ಮಾರಸಿಗಾನ್, ಬಡ್ಡಿ ಜಬಾಲಾ, ಮಾರ್ಕಸ್ ಅಡೋರೊ. ಕ್ಯಾಂಟೀನಲ್ಲಿ ಕೂತು ಮಾತಾಡುವ ಟ್ಯಾಗಲಾಗ್ ಭಾಷೆಯಲ್ಲೇ ರಾಕ್ ಹಾಡಿದರು. ಅದರಲ್ಲಿ 'ಪಾರೆ ಕೋ' ಅಂತ ಒಂದು ಹಾಡಿದೆ, ಹಾಗಂದರೆ ನಮ್ಮ ಕಡೆಯ 'ಮಾರಾಯ' ಇದ್ದ ಹಾಗೆ. ಪ್ರೀತಿಯಲ್ಲಿ ಸೋತವನು ಗೆಳೆಯನ ಹತ್ತಿರ ಗೋಳು ಹೇಳಿಕೊಳ್ಳುತ್ತಾನೆ, ನಡುವೆ ಒಂದು ಬೈಗುಳವೂ ಬರುತ್ತದೆ! ಆಡುಮಾತಿಗೆ ಹಾಡಿನಲ್ಲಿ ಅಷ್ಟು ಜಾಗ ಸಿಕ್ಕಿತು ನೋಡಿ, ಅದೇ ದೊಡ್ಡದು. 2005ರಲ್ಲಿ ಬೇರೆ ಬ್ಯಾಂಡ್‌ಗಳೆಲ್ಲ ಸೇರಿ ಇವರ ಹಾಡುಗಳದ್ದೇ ಒಂದು ಆಲ್ಬಂ ಮಾಡಿದರು, 2018ರಲ್ಲಿ ಸಂಗೀತ ನಾಟಕವೇ ಬಂತು.

ಡೊಂಬಿವಲಿ ಲೋಕಲ್:
ಸರಿ ಅಕ್ಕ, 'ಪಾರೆ ಕೋ' ವಿಷಯ ಒಪ್ಪಿದೆ. ಆದರೂ ಅವರಿಗೆ ಬೇಕಾಗಿರುವುದು ಆ ಒಂದು ಹಾಡು, ಅಲ್ವಾ?

ವಾಸ್ಕೋ ಫಿಟ್ಟರ್:
ಎರಡನ್ನೂ ಡೌನ್‌ಲೋಡ್ ಮಾಡಿದೆ. ತಟ್ಟೆ ತೊಳೆಯುವ ಸಾಲು ಯಾವುದು ಎಂದು ಬೋಸನ್‌ಗೆ ಮೆಸೇಜ್ ಹಾಕಿದ್ದೆ. ಹಾಡಿಯೇ ಕಳಿಸಿದ್ದಾರೆ, ಹಿಂದೆ ಜನರೇಟರ್ ಸದ್ದು. ಬೆಳಗಿನಿಂದ ನಾಲ್ಕು ಸಲ ಕೇಳಿದೆ.