ಅಪ್‌ಡೇಟ್: ಹ್ಯಾಂಡಲ್ ನಡುಗೋದು ನಿಂತಿತು

ಕಂಪ್ಯೂಟರ್‌ನಲ್ಲಿ ಸ್ಪ್ರಿಂಗ್‌ನಂತೆ ವರ್ತಿಸೋ ಗೋಡೆ ಮಾಡಿದ್ದೆ. ಮೋಟಾರ್ ಜೋಡಿಸಿದ ಹ್ಯಾಂಡಲ್ ಹಿಡಿದು ಆ ಗೋಡೆಯನ್ನು ಒತ್ತಿದರೆ ಮೋಟಾರ್ ವಾಪಸ್ ತಳ್ಳಬೇಕು. ಆದರೆ ಮುಟ್ಟಿದ ಕೂಡಲೇ ನಡುಗುತ್ತಿತ್ತು. ಸ್ಪ್ರಿಂಗ್ ಪ್ಯಾಸಿವ್ (ತಾನಾಗಿ ಶಕ್ತಿ ಹುಟ್ಟಿಸದ್ದು) ಅಲ್ವಾ, ತೆಗೆದುಕೊಂಡದ್ದಕ್ಕಿಂತ ಜಾಸ್ತಿ ಶಕ್ತಿ ಎಲ್ಲಿಂದ ಕೊಡುತ್ತೆ ಅಂತ ಇಲ್ಲಿ ಕೇಳಿದ್ದೆ.

ನೀವು ಹೇಳಿದ್ದೇ ಸರಿ, ತಪ್ಪಿರೋದು ಸ್ಯಾಂಪ್ಲಿಂಗ್‌ನಲ್ಲಿ, ಅಂದರೆ ಕಂಪ್ಯೂಟರ್ ಹ್ಯಾಂಡಲ್‌ನ ಸ್ಥಾನವನ್ನು ಬಿಟ್ಟು ಬಿಟ್ಟು ಅಳೆಯೋದರಲ್ಲಿ. ನಿಜವಾದ ಸ್ಪ್ರಿಂಗ್ ಕೂಡಿಟ್ಟುಕೊಳ್ಳೋ ಶಕ್ತಿ ½ಕೆಎಕ್ಸ್² (ಕೆ ಅಂದರೆ ಸ್ಪ್ರಿಂಗ್‌ನ ಬಿಗಿತ, ಎಕ್ಸ್ ಅಂದರೆ ಒತ್ತಿದ ದೂರ), ಅಷ್ಟನ್ನೇ ಹಿಂದಿರುಗಿಸುತ್ತದೆ. ಕಂಪ್ಯೂಟರ್ ಮಾತ್ರ ಹಳೆಯ ಸ್ಥಾನ ನೋಡಿ ಬಲ ಕೊಡುತ್ತದೆ. ಒಳಗೆ ಒತ್ತುವಾಗ ಬಲ ಸ್ವಲ್ಪ ಕಡಿಮೆ, ಹೊರಗೆ ಬರುವಾಗ ಸ್ವಲ್ಪ ಜಾಸ್ತಿ. ಪ್ರತಿ ಸುತ್ತಿಗೂ ಒಂದಿಷ್ಟು ಶಕ್ತಿ ಹೊಸದಾಗಿ ಸೇರುತ್ತಾ ಹೋಗುತ್ತದೆ. ಗ್ರಾಫ್‌ನಲ್ಲಿ ಇದು ಕಣ್ಣಿಗೆ ಕಂಡಾಗ ನನಗೆ ತುಂಬಾ ಖುಷಿಯಾಯಿತು.

ನಡುಗದಿರಲು ಲೆಕ್ಕ ಹೀಗಿದೆ: ಹ್ಯಾಂಡಲ್‌ನ ಸ್ವಂತ ಡ್ಯಾಂಪಿಂಗ್ (ಚಲನೆಯನ್ನು ತಡೆದು ಶಕ್ತಿ ಹೀರೋ ಗುಣ), ಕೆಟಿ/2 ಮತ್ತು ಸಾಫ್ಟ್‌ವೇರ್ ಡ್ಯಾಂಪಿಂಗ್ ಎರಡರ ಮೊತ್ತಕ್ಕಿಂತ ಹೆಚ್ಚಿರಬೇಕು. ಟಿ ಅಂದರೆ ಎರಡು ಅಳತೆಗಳ ನಡುವಿನ ಸಮಯ. ನನ್ನ ಗೋಡೆಗೆ ಕೆ ಮೀಟರ್‌ಗೆ 2000 ನ್ಯೂಟನ್, ಟಿ 1 ಮಿಲಿಸೆಕೆಂಡ್. ಅಂದರೆ ಕೆಟಿ/2 ಒಂದಕ್ಕೇ 1 ನ್ಯೂಟನ್-ಸೆಕೆಂಡ್/ಮೀಟರ್ ಬೇಕು. ಹ್ಯಾಂಡಲ್‌ನಲ್ಲಿ ಇದ್ದದ್ದು ಸುಮಾರು 0.4. ನಡುಕ ನಿಲ್ಲಲಿ ಅಂತ ಕೋಡ್‌ನಲ್ಲಿ ಡ್ಯಾಂಪಿಂಗ್ ಬೇರೆ ಸೇರಿಸಿದ್ದೆ, ಅದು ಕೊರತೆಯನ್ನು ಇನ್ನೂ ಹೆಚ್ಚಿಸಿತ್ತು.

ಅದನ್ನು ತೆಗೆದು ಟಿಯನ್ನು 0.25 ಮಿಲಿಸೆಕೆಂಡ್‌ಗೆ ಇಳಿಸಿದೆ. ಈಗ 0.25 ಸಾಕು. ಗೋಡೆ ಗಟ್ಟಿಯಾಗಿ ನಿಂತಿದೆ, ಬೆರಳಿಗೆ ಚೂರೂ ನಡುಕ ಸಿಗುತ್ತಿಲ್ಲ. ಮುಂದೆ ಕೆಯನ್ನು 3000ಕ್ಕೆ ಏರಿಸಿ ನೋಡುತ್ತೇನೆ, ಲೆಕ್ಕದ ಪ್ರಕಾರ 0.375, ತಡೆದುಕೊಳ್ಳಬೇಕು.