ಜಾಸ್ತಿ ತೆರಿಗೆ ಹಾಕಿ ಹಂಚಿದರೆ ಬಡವರಿಗೆ ನಿಜವಾಗ್ಲೂ ಉಪಯೋಗ ಆಗುತ್ತಾ?

ಕೆಂಗೇರಿ ಕಡೆಯವನು:
ನಿನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಜಗಳ. ನನ್ನ ಸಂಬಳದಲ್ಲಿ ಪ್ರತಿ ತಿಂಗಳು ತೆರಿಗೆ ಹಿಡಿಯುತ್ತಾರೆ, ಅದಕ್ಕೆ ಬೇಜಾರಿಲ್ಲ. ಆದರೆ ಇನ್ನೂ ಜಾಸ್ತಿ ಹಾಕಿ ಇಲ್ಲದವರಿಗೆ ಹಂಚಿದರೆ ಅವರ ಬದುಕು ಮೇಲೆ ಬರುತ್ತಾ, ಇಲ್ಲ ಸುಮ್ನೆ ಆ ತಿಂಗಳು ಕಳೆಯುತ್ತೆ ಅಷ್ಟೇನಾ? ಗೃಹಲಕ್ಷ್ಮಿಯನ್ನೇ ತೊಗೊಳ್ಳಿ. 2023ರ ಆಗಸ್ಟ್‌ನಲ್ಲಿ ಶುರುವಾಯಿತು, ಮನೆ ಯಜಮಾನಿಗೆ ತಿಂಗಳಿಗೆ 2,000, ವರ್ಷಕ್ಕೆ 28 ಸಾವಿರ ಕೋಟಿಗೂ ಮೇಲೆ. ಹತ್ತಿರದಿಂದ ನೋಡಿದವರು ಹೇಳಿ. ಪಕ್ಷದ ಮಾತು ಬೇಡ.

ಶಿರಾ ಸೊಸೆ:
ನಮ್ಮ ಅತ್ತೆಗೆ ಬರುತ್ತೆ. ಮುಂಚೆ ಬಿಪಿ ಮಾತ್ರೆ ಅರ್ಧ ಪಟ್ಟಿ ತಂದು ದಿನ ಬಿಟ್ಟು ದಿನ ನುಂಗುತ್ತಿದ್ದರು, ನಮಗೆ ಹೇಳಿಯೇ ಇರಲಿಲ್ಲ. ಈಗ ಪೂರ್ತಿ ಪಟ್ಟಿ ತರುತ್ತಾರೆ. ಉಳಿದದ್ದು ಚೀಟಿಗೆ. ಆ ಚೀಟಿ ಎತ್ತಿ ಎರಡು ಕುರಿ ಕೊಂಡರು. ಆಧಾರ್ ತೋರಿಸಿ ಸೊನ್ನೆ ಟಿಕೆಟ್‌ನಲ್ಲಿ ತುಮಕೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು, ಒಬ್ಬರೇ. ಮಗನ ಮುಂದೆ ಕೈ ಚಾಚುವುದು ತಪ್ಪಿತು ನೋಡಿ, ಅದಕ್ಕೆ ಬೆಲೆ ಕಟ್ಟೋಕಾಗಲ್ಲ.

ಮಂಡ್ಯದ ಗೂಡ್ಸ್ ಆಟೋ:
ಕೊಡೋದು ಒಳ್ಳೇದೇ ಅಕ್ಕ. ಯಾರ ಹತ್ತಿರ ಕಿತ್ತು ಕೊಡ್ತಾರೆ ಅನ್ನೋದನ್ನೂ ನೋಡಬೇಕು. ಕೆಂಗೇರಿ ಅಣ್ಣ, ನಿಮ್ಮ ಆದಾಯ ತೆರಿಗೆ ಮೊದಲು ದೆಹಲಿಗೆ ಹೋಗುತ್ತೆ. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದಲ್ಲಿ ಶೇ. 4.71ರಿಂದ 3.65ಕ್ಕೆ ಇಳಿಯಿತು. ರಾಜ್ಯದ ಕೈಯಲ್ಲಿ ಉಳಿದಿರೋದು ಜಿಎಸ್‌ಟಿ ಬಿಟ್ಟರೆ ಹೆಂಡ, ಪೆಟ್ರೋಲ್, ಡೀಸೆಲ್, ಜಾಗದ ನೋಂದಣಿ, ಹೀಗೆ. 2023ರ ಜುಲೈನಲ್ಲಿ ಮದ್ಯದ ಸುಂಕ ಏರಿಸಿದರು. 2024ರ ಜೂನ್‌ನಲ್ಲಿ ಪೆಟ್ರೋಲ್ ತೆರಿಗೆ ಶೇ. 25.92ರಿಂದ 29.84 ಆಯಿತು, ಲೀಟರಿಗೆ 3 ರೂಪಾಯಿ. ಡೀಸೆಲ್ ಕೂಡ ಏರಿತು. ನಾನು ಮಾರ್ಕೆಟ್ಟಿಗೆ ಟೊಮೇಟೊ ಹೊಡೆಯೋನು, ಬಾಡಿಗೆ ಏರಿಸಿದರೆ ರೈತ ಬೈತಾನೆ, ಏರಿಸದಿದ್ದರೆ ನನ್ನ ಕೈಯಿಂದ ಹೋಗುತ್ತೆ. ಕೋಟಿಗಟ್ಟಲೆ ಆಸ್ತಿ ಇರೋರ ಸಂಪತ್ತು ತೆರಿಗೆಯನ್ನ ಕೇಂದ್ರ 2015ರಲ್ಲೇ ಕೈಬಿಟ್ಟಿದೆ. ತೆರಿಗೆ ಅಲ್ಲಿಂದ ಬರಬೇಕು.

ನಿವೃತ್ತ ಲೆಕ್ಕಿಗ:
ಅದಕ್ಕೂ ಒಂದು ಮಿತಿ ಇದೆಯಪ್ಪಾ. 1973-74ರಲ್ಲಿ ಮೇಲಿನ ಹಂತದ ಆದಾಯ ತೆರಿಗೆ ಶೇ. 97.75 ಇತ್ತು! ಆ ಹಂತದಲ್ಲಿ ದುಡಿದ ಪ್ರತಿ 100 ರೂಪಾಯಿಗೆ ಎರಡೂಕಾಲು ರೂಪಾಯಿ ಉಳಿಯುತ್ತಿತ್ತು. ಅಷ್ಟು ಹಾಕಿದರೆ ಜನ ಬಚ್ಚಿಡುತ್ತಾರೆ. ಮುಂದಿನ ವರ್ಷವೇ ಇಳಿಸಬೇಕಾಯಿತು. ಶ್ರೀಮಂತರಿಗೆ ಹಾಕಿ, ಬೇಡ ಅನ್ನಲ್ಲ, ಆದರೆ ವಸೂಲಿ ಆಗುವಷ್ಟು ಹಾಕಿ.

ಶಿರಾ ಸೊಸೆ:
ಮಂಡ್ಯದ ಅಣ್ಣ, ನೀವು ಹೇಳಿದ ಮೇಲೆ ಲೆಕ್ಕ ಹಾಕಿದೆ. ನಮ್ಮವರ ಬೈಕಿಗೆ ತಿಂಗಳಿಗೆ 20 ಲೀಟರ್, ಅಂದರೆ 60 ರೂಪಾಯಿ ಜಾಸ್ತಿ. 2,000ದ ಮುಂದೆ ಅದು ಕಡಿಮೆಯೇ. ಆದರೆ ಪಕ್ಕದ ಮನೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಗಂಡ ಕುಡಿಯುತ್ತಾನೆ. ರೇಟು ಏರಿತು ಅಂತ ಅವನು ಬಿಡಲಿಲ್ಲ, ಮನೆಗೆ ಕೊಡೋ ಕೂಲಿ ದುಡ್ಡು ಕಡಿಮೆ ಮಾಡಿದ. ಅವಳ 2,000 ಆ ತೂತು ಮುಚ್ಚೋಕೇ ಸರಿಹೋಗುತ್ತೆ: ಅಂಗಡಿ ಸಾಲ, ಮಕ್ಕಳ ನೋಟ್‌ಬುಕ್ಕು. ಅದೂ ಬರದೇ ಹೋಗಿದ್ದರೆ ಆ ಮಕ್ಕಳ ಗತಿ ಏನು ಅಂತ ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತೆ.