ಕೆಟಮಿನ್ ಇಂಜೆಕ್ಷನ್ ಆದ ಮೇಲೆ ಅತ್ತಿಗೆಗೆ ಕಂಡದ್ದು: ಅರಿವಳಿಕೆ ವೈದ್ಯೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯೆ): ಮೇಡಂ, ಹೋದ ವಾರ ನಮ್ಮತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದು ಭುಜದ ಕೀಲು ತಪ್ಪಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಕೀಲು ಕೂರಿಸಿದರು. ಕೈ ಈಗ ಸರಿಯಾಗಿದೆ. ಆದರೆ ಎಚ್ಚರ ಆಗುವಾಗ ಕಿರುಚಿಕೊಂಡುಬಿಟ್ಟರು. ಸೀಲಿಂಗ್ ಫ್ಯಾನ್ ಮುಖದ ಹತ್ತಿರಕ್ಕೆ ಇಳಿದು ಬಂತಂತೆ, ಗೋಡೆ ಎಲ್ಲೋ ದೂರ ಹೋಯಿತಂತೆ, ಅಣ್ಣನ ಮುಖ ಎರಡೆರಡು ಕಾಣಿಸಿ ಆಮೇಲೆ ಗೊಂಬೆಯಷ್ಟು ಚಿಕ್ಕದಾಯಿತಂತೆ. ತಾನು ಮೇಲೆ ತೇಲುತ್ತಾ, ಕೆಳಗೆ ಮಲಗಿದ್ದ ತನ್ನನ್ನೇ ನೋಡಿದೆ ಅಂತಾರೆ. ಇಂಜೆಕ್ಷನ್ ಆದ ಮೇಲೂ ಕಣ್ಣು ತೆರೆದೇ ಇತ್ತು, ಗುಡ್ಡೆ ಆ ಕಡೆ ಈ ಕಡೆ ಓಡಾಡುತ್ತಿತ್ತು ಅಂತ ಅಣ್ಣ ಹೇಳಿದ. ನಮ್ಮಮ್ಮ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸೋಕೆ ಹೊರಟಿದ್ದಾರೆ. ಅಣ್ಣ ಡಿಸ್ಚಾರ್ಜ್ ಚೀಟಿಯಲ್ಲಿ ಕೆಟಮಿನ್ ಅಂತ ನೋಡಿ, ಫೋನಲ್ಲಿ ಹುಡುಕಿ, "ಇದು ಪಾರ್ಟಿ ಡ್ರಗ್ಗು" ಅಂತ ಕೂಗಾಡುತ್ತಿದ್ದಾನೆ. ಮಿದುಳಿಗೆ ಏನಾದರೂ ಆಗಿದೆಯಾ?

ಉತ್ತರ (ಅರಿವಳಿಕೆ ವೈದ್ಯೆ): ಮೊದಲು ಅಣ್ಣನಿಗೆ ಸಮಾಧಾನ ಹೇಳಿ. ಕೆಟಮಿನ್ ಕದ್ದುಮುಚ್ಚಿ ಕೊಡುವ ಔಷಧವಲ್ಲ. ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ 1962ರಲ್ಲಿ ತಯಾರಾದದ್ದು, ಅಲ್ಲಿ 1970ರಿಂದ ಅಧಿಕೃತವಾಗಿ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಮುಖ್ಯ ಗುಣವೆಂದರೆ ನೋವು ಪೂರ್ತಿ ಹೋದರೂ ಉಸಿರಾಟ ಬಹುಮಟ್ಟಿಗೆ ತನ್ನಪಾಡಿಗೆ ನಡೆಯುತ್ತದೆ, ಬಿಪಿ ಕುಸಿಯುವ ಬದಲು ಸ್ವಲ್ಪ ಏರುತ್ತದೆ. ಕೀಲು ಕೂರಿಸುವಂಥ ಹತ್ತು ನಿಮಿಷದ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. 2018ರಲ್ಲಿ ಥಾಯ್ಲೆಂಡಿನ ಗುಹೆಯೊಳಗೆ ನೀರು ತುಂಬಿ ಸಿಕ್ಕಿಕೊಂಡಿದ್ದ ಹುಡುಗರು ನೆನಪಿದ್ದಾರಲ್ಲ? ಮುಳುಗುಗಾರರು ಅವರನ್ನು ಹೊರಗೆ ತಂದದ್ದು ಕೆಟಮಿನ್ ಕೊಟ್ಟು ಪ್ರಜ್ಞೆ ತಪ್ಪಿಸಿಯೇ. ಆ ತಂಡದಲ್ಲಿ ರಿಚರ್ಡ್ ಹ್ಯಾರಿಸ್ ಎಂಬ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯರಿದ್ದರು.

ಇನ್ನು ಅತ್ತಿಗೆಗೆ ಕಂಡದ್ದು. ಬೇರೆ ಅರಿವಳಿಕೆ ಔಷಧಗಳು ಮಿದುಳನ್ನು ಹೆಚ್ಚುಕಡಿಮೆ ನಿದ್ದೆಗೆ ದೂಡುತ್ತವೆ. ಕೆಟಮಿನ್ ಹಾಗಲ್ಲ. ನರಕೋಶಗಳ ಮೇಲೆ ಸುದ್ದಿ ಹಿಡಿಯುವ, ಎನ್‌ಎಂಡಿಎ ಎಂಬ ಗ್ರಾಹಕಗಳನ್ನು (ರಿಸೆಪ್ಟರ್) ಅದು ಅಡ್ಡಗಟ್ಟುತ್ತದೆ, ನರಕೋಶಗಳ ನಡುವೆ ಸುದ್ದಿ ದಾಟುವ ಮುಖ್ಯ ದಾರಿಗಳಲ್ಲಿ ಅವೂ ಒಂದು. ಆಗ ಕಣ್ಣು ತೆರೆದೇ ಇರುತ್ತದೆ, ಬೆಳಕು ಒಳಗೆ ಹೋಗುತ್ತದೆ, ಆದರೆ ಅದನ್ನು ಜೋಡಿಸಿ ಅರ್ಥ ಮಾಡುವ ಭಾಗಗಳು ಒಂದಕ್ಕೊಂದು ಕೈಕೊಡುತ್ತವೆ. ಫೋನಿನಲ್ಲಿ ಮಾತು ಕಡಿದು ಕಡಿದು ಕೇಳಿದಾಗ ನಡುವಿನ ಪದಗಳನ್ನು ನಾವೇ ತುಂಬಿಸಿಕೊಳ್ಳುತ್ತೇವಲ್ಲ, ಮಿದುಳೂ ಹಾಗೇ ತುಂಬಿಸಿಕೊಳ್ಳುತ್ತದೆ.

ಗುಡ್ಡೆ ಓಡಾಡಿದ್ದು ಕೆಟಮಿನ್‌ನ ಗುರುತೇ. ಎರಡು ಕಣ್ಣು ಒಂದೇ ಕಡೆ ನಿಲ್ಲದಿದ್ದರೆ ಎರಡು ಚಿತ್ರ ಕೂಡಿ ಒಂದಾಗುವುದಿಲ್ಲ, ಅಣ್ಣನ ಮುಖ ಎರಡಾದದ್ದು ಅದಕ್ಕೆ. ಚಿಕ್ಕದಾದ ಕಥೆ ಬೇರೆ. ಯಾವುದೇ ವಸ್ತುವಿನ ಗಾತ್ರ ನಮಗೆ ನೇರವಾಗಿ ಕಾಣುವುದಿಲ್ಲ. ಅದು ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಹಾಕಿ ಮಿದುಳು ಗಾತ್ರ ನಿರ್ಧರಿಸುತ್ತದೆ. ದೂರದ ಲೆಕ್ಕ ತಪ್ಪಿದರೆ ಮುಖ ಗೊಂಬೆಯಾಗುತ್ತದೆ, ಫ್ಯಾನು ಮೂಗಿನ ಮೇಲೆ ಬರುತ್ತದೆ.

ತೇಲಿದ್ದಕ್ಕೂ ಇಂಥದೇ ಕಾರಣ. ನಾನು ಇಲ್ಲಿದ್ದೇನೆ ಎಂಬ ಅರಿವು ಕಣ್ಣು, ಒಳಕಿವಿಯ ಸಮತೋಲನ, ಕೀಲು-ಸ್ನಾಯುಗಳ ಸುದ್ದಿ ಮೂರೂ ಸೇರಿ ಹುಟ್ಟುತ್ತದೆ. ಔಷಧವೇ ಬೇಕೆಂದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮೂರ್ಛೆರೋಗದ ಒಬ್ಬ ಮಹಿಳೆಯ ಬಲಮಿದುಳಿನ ಒಂದು ಜಾಗವನ್ನು ವೈದ್ಯರು ವಿದ್ಯುತ್ತಿನಿಂದ ಕೆಣಕಿದಾಗ, ಮಂಚದ ಮೇಲೆ ಮಲಗಿರುವ ತನ್ನನ್ನು ಮೇಲಿನಿಂದ ನೋಡುತ್ತಿದ್ದೇನೆ ಎಂದರು, ಅದೂ ಕಾಲು ಮತ್ತು ಸೊಂಟದ ಭಾಗ ಮಾತ್ರ. ಆ ವರದಿ 2002ರಲ್ಲಿ ಪ್ರಕಟವಾಯಿತು. ಹಾಗಾಗಿ ಅತ್ತಿಗೆ ಸುಳ್ಳು ಹೇಳುತ್ತಿಲ್ಲ, ಅವರಿಗೆ ಕಂಡಿದೆ. ಗಾಳಿಯೂ ಅಲ್ಲ. ತಾಯತ ಕಟ್ಟಿದರೆ ಅಮ್ಮನಿಗೆ ನೆಮ್ಮದಿ ಸಿಗುವುದಾದರೆ ಕಟ್ಟಲಿ, ನಿಮ್ಮತ್ತಿಗೆಗೆ ಏನೋ ಮೆಟ್ಟಿಕೊಂಡಿದೆ ಅಂತ ಮನೆತುಂಬ ಮಾತಾಡದಿದ್ದರೆ ಸಾಕು.

ಔಷಧದ ಜೊತೆ ಬರುವ ಮಾಹಿತಿ ಕಾಗದದ ಪ್ರಕಾರ ಎಚ್ಚರವಾಗುವಾಗ ಇಂಥ ಅನುಭವ ಆಗುವುದು ಸುಮಾರು ನೂರಕ್ಕೆ 12 ಜನರಿಗೆ. ಮಕ್ಕಳಲ್ಲಿ, ವಯಸ್ಸಾದವರಲ್ಲಿ ಕಡಿಮೆ. ಹೆಚ್ಚಿನವರಿಗೆ ಕೆಲವೇ ಗಂಟೆ. ಅಪರೂಪಕ್ಕೆ 24 ಗಂಟೆಯೊಳಗೆ ಮತ್ತೊಮ್ಮೆ ಮರುಕಳಿಸಬಹುದು. ಆ ಅವಧಿ ದಾಟಿದ ಮೇಲೂ ಗೋಡೆ ಅಲ್ಲಾಡಿದರೆ, ಯಾರೋ ಮಾತಾಡಿಸಿದಂತೆ ಕೇಳಿಸಿದರೆ ವೈದ್ಯರ ಹತ್ತಿರ ಹೋಗಿ. ಮನೆಯಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ್ದು ಕಾಣುವ, ಕೇಳಿಸುವ ಮನೋರೋಗ) ಇದ್ದವರಿದ್ದರೆ ಅದನ್ನೂ ಹೇಳಿ, ಕೆಟಮಿನ್ ಆ ಕಾಯಿಲೆಯ ಲಕ್ಷಣಗಳನ್ನು ಕೆರಳಿಸಬಲ್ಲದು.

ಕಾಮೆಂಟ್ (ನಿವೃತ್ತ ಸ್ಟಾಫ್ ನರ್ಸ್, ಶಿವಮೊಗ್ಗ): ನಾನು ತಾಲ್ಲೂಕು ಆಸ್ಪತ್ರೆ ಥಿಯೇಟರಿನಲ್ಲಿದ್ದಾಗ ಕೆಟಮಿನ್ ಕೇಸ್ ಅಂದರೆ ಮೊದಲೇ ಪರದೆ ಎಳೆದು ಕತ್ತಲು ಮಾಡುತ್ತಿದ್ದೆವು. ಎಚ್ಚರವಾಗುವಾಗ ಟ್ರೇ ಸದ್ದು ಮಾಡಿದವರಿಗೆ ಬೈಗುಳ ಖಾತ್ರಿ. ಕೆಲವರು ಅಳೋರು, ಕೆಲವರು ನಗೋರು. ಒಬ್ಬರು ಅಜ್ಜಿ ಕಣ್ಣು ತೆರೆಯುವ ಮೊದಲೇ ದೇವರನಾಮ ಶುರು ಮಾಡಿದ್ದರು, ಸರ್ಜನ್ ಕೈಮುಗಿದು ನಿಂತಿದ್ದರು!

ಉತ್ತರ: ಅಕ್ಕಾ, ಅದು ಇವತ್ತಿಗೂ ಸರಿ. ಎಚ್ಚರವಾಗುವಾಗ ಬೆಳಕು, ಸದ್ದು, ಮುಟ್ಟಿ ಅಲ್ಲಾಡಿಸುವುದು ಕಡಿಮೆಯಿದ್ದಷ್ಟೂ ಭಯ ಕಡಿಮೆ. ನಮ್ಮಲ್ಲಿ ನೆಂಟರು ಮಾಡುವುದು ಸರಿ ಉಲ್ಟಾ: ಕೆನ್ನೆ ತಟ್ಟಿ "ನಾನ್ಯಾರು ಹೇಳು, ನಾನ್ಯಾರು ಹೇಳು" ಅಂತ ನಾಲ್ಕು ಜನ ಬಗ್ಗಿ ನೋಡುವುದು. ಎರಡೆರಡು ಮುಖದ ಲೆಕ್ಕದಲ್ಲಿ ಎಂಟು ಮುಖ ಕಂಡರೆ ಯಾರಾದರೂ ಕಿರುಚದೆ ಇರುತ್ತಾರಾ? ಈಗ ಜೊತೆಗೆ ಮಿಡಜೋಲಾಮ್ ಎಂಬ ಮಂಪರು ಔಷಧ ಕೊಟ್ಟರೆ ವಯಸ್ಕರಲ್ಲಿ ಈ ಗಾಬರಿ ಇನ್ನೂ ಇಳಿಯುತ್ತದೆ. ಅದಕ್ಕಿಂತ ಅಗ್ಗದ ಮದ್ದು, ಸೂಜಿ ಚುಚ್ಚುವ ಮೊದಲು ಎರಡು ಮಾತು: "ವಿಚಿತ್ರ ಕನಸು ಬರಬಹುದು, ತೇಲಿದ ಹಾಗೆ ಅನ್ನಿಸಬಹುದು, ನಾನು ಪಕ್ಕದಲ್ಲೇ ಇರ್ತೀನಿ, ಏನಾದರೂ ಇಷ್ಟವಾದದ್ದು ನೆನೆಸಿಕೊಳ್ಳಿ." ಎಷ್ಟೇ ಗಡಿಬಿಡಿ ಇದ್ದರೂ ಇಷ್ಟು ಹೇಳದೆ ಕೆಟಮಿನ್ ಕೊಡಬಾರದು ಅನ್ನುವುದು ನನ್ನ ಹಠ.

ಕಾಮೆಂಟ್ (ಬೆಂಗಳೂರಿನ ವಿದ್ಯಾರ್ಥಿ): ಮೇಡಂ, ಪಾರ್ಟಿಗಳಲ್ಲಿ ಇದನ್ನೇ ತಗೊಳ್ಳೋದಾ? ಎಲ್‌ಎಸ್‌ಡಿ ತರಾನೇನಾ? ಆಸ್ಪತ್ರೆಯಲ್ಲಿ ಕೊಡ್ತಾರೆ ಅಂದ್ಮೇಲೆ ಸೇಫ್ ಅಂತ ಫ್ರೆಂಡ್ಸ್ ಹೇಳ್ತಾರೆ.

ಉತ್ತರ: ಎಲ್‌ಎಸ್‌ಡಿಯೂ ಭ್ರಮೆ ಹುಟ್ಟಿಸುವ ಡ್ರಗ್ಗೇ, ಆದರೆ ಬೇರೆ ದಾರಿ, ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕದ ಗ್ರಾಹಕಗಳ ಮೂಲಕ ಕೆಲಸ ಮಾಡುತ್ತದೆ. ಅದರಲ್ಲಿ ಸುತ್ತಲಿನ ಬಣ್ಣ, ಆಕಾರಗಳೇ ಉಕ್ಕಿ ಬರುತ್ತವೆ. ಕೆಟಮಿನ್‌ನಲ್ಲಿ ಲೋಕ ಮಸುಕಾಗಿ, ಚಪ್ಪಟೆಯಾಗಿ, ದೂರ ಸರಿಯುತ್ತದೆ, ನೋವು ಗೊತ್ತಾಗುವುದಿಲ್ಲ, ಕೈಕಾಲು ಮಾತು ಕೇಳುವುದಿಲ್ಲ. ಸೇಫ್ ಅನ್ನುವ ಮಾತು ಔಷಧಕ್ಕೆ ಸೇರಿದ್ದಲ್ಲಪ್ಪಾ, ಥಿಯೇಟರಿಗೆ ಸೇರಿದ್ದು. ನಮ್ಮಲ್ಲಿ ಆಕ್ಸಿಜನ್ ಇದೆ, ಮಾನಿಟರ್ ಇದೆ, ಬಾಯಲ್ಲಿ ಜೊಲ್ಲು ತುಂಬಿದರೆ ಎಳೆಯುವ ಸಕ್ಷನ್ ಇದೆ, ಕಣ್ಣು ಕೀಳದೆ ನೋಡುವ ಒಬ್ಬರಿದ್ದಾರೆ. ಪಾರ್ಟಿಯಲ್ಲಿ ಪುಡಿ ಏನೆಂದೇ ಗೊತ್ತಿಲ್ಲ, ಮೇಲಿಂದ ಮದ್ಯ. ಅಮೆರಿಕದ ನಟ ಮ್ಯಾಥ್ಯೂ ಪೆರ್ರಿ 2023ರಲ್ಲಿ ತೀರಿಕೊಂಡದ್ದು ಕೆಟಮಿನ್‌ನಿಂದ, ಬಿಸಿನೀರಿನ ತೊಟ್ಟಿಯಲ್ಲಿ. ಪದೇ ಪದೇ ತೆಗೆದುಕೊಂಡವರ ಮೂತ್ರಕೋಶ ಹುಣ್ಣಾಗಿ ಕುಗ್ಗುತ್ತದೆ. ಇಪ್ಪತ್ತರ ಹುಡುಗರು ಅರ್ಧ ಗಂಟೆಗೊಮ್ಮೆ ರಕ್ತ ಬೆರೆತ ಮೂತ್ರ ಮಾಡುತ್ತಾ ಯೂರಾಲಜಿ ಹೊರರೋಗಿ ವಿಭಾಗದಲ್ಲಿ ಕೂರುವುದನ್ನು ಫ್ರೆಂಡ್ಸ್ ಹೇಳಿರಲಾರರು. ನಮ್ಮ ದೇಶದಲ್ಲಿ ಕೆಟಮಿನ್ 2013ರಿಂದ ಷೆಡ್ಯೂಲ್ ಎಕ್ಸ್ ಔಷಧ, ಬೀಗ ಹಾಕಿಡಬೇಕು, ಲೆಕ್ಕ ಇಡಬೇಕು.

ಕಾಮೆಂಟ್ (ಮೈಸೂರಿನ ಸದಸ್ಯ): ಖಿನ್ನತೆಗೂ ಕೊಡ್ತಾರಂತಲ್ಲ ಮೇಡಂ, ಅವರಿಗೂ ಹೀಗೆ ಕಾಣುತ್ತಾ?

ಉತ್ತರ: ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ಕೊಡುತ್ತಾರೆ, ತುಂಬ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ 40 ನಿಮಿಷ ಡ್ರಿಪ್‌ನಲ್ಲಿ. ಮಂಜು ಕವಿದ ಹಾಗೆ, ಹೊತ್ತು ನಿಧಾನವಾದ ಹಾಗೆ ಕೆಲವರಿಗೆ ಅನ್ನಿಸಿ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಮನೋವೈದ್ಯರ ಎದುರಿನಲ್ಲೇ ಆಗಬೇಕು, ಆವತ್ತು ಗಾಡಿ ಓಡಿಸಬಾರದು.

ಪ್ರಶ್ನೆ (ಹಾಸನದ ಸದಸ್ಯೆ): ತುಂಬ ಉಪಕಾರ ಮೇಡಂ. ಮುಂದೆ ಆಪರೇಷನ್ ಬಂದರೆ ಕೆಟಮಿನ್ ಬೇಡವೇ ಬೇಡ ಅನ್ನಬೇಕಾ?

ಉತ್ತರ: ಬೇಡವೇ ಬೇಡ ಅನ್ನಬೇಡಿ, ಅಪಘಾತದಂಥ ತುರ್ತಿನಲ್ಲಿ ಅದೇ ಜೀವ ಉಳಿಸಬಹುದು. ಅಲರ್ಜಿ ಅಂತಲೂ ಬರೆಸಬೇಡಿ, ಇದು ಅಲರ್ಜಿ ಅಲ್ಲ. ಡಿಸ್ಚಾರ್ಜ್ ಚೀಟಿ ಜೋಪಾನ ಮಾಡಿ, ಅದರ ಮೇಲೆ "ಕೆಟಮಿನ್‌ನಿಂದ ಎಚ್ಚರವಾಗುವಾಗ ಭ್ರಮೆ, ಗಾಬರಿ" ಅಂತ ತಾರೀಖಿನ ಸಮೇತ ಬರೆದಿಡಿ. ಮುಂದಿನ ಅರಿವಳಿಕೆ ವೈದ್ಯರಿಗೆ ಅದನ್ನು ತೋರಿಸಿದರೆ ಬೇರೆ ಔಷಧವೋ, ಮಿಡಜೋಲಾಮ್ ಜೊತೆಗೋ ಅಂತ ಅವರು ತೀರ್ಮಾನಿಸುತ್ತಾರೆ.